ಕ್ರೂಸ್ ಹಡಗು ಹತ್ತಲು ಈಗಲೂ ಲಸಿಕೆ, ಟೆಸ್ಟ್ ಬೇಕೇ?

ಬ್ರೆಜಿಲ್‌ನಲ್ಲಿ ಹಡಗು ಹತ್ತಿ ಕೆರಿಬಿಯನ್ ದ್ವೀಪಗಳಿಗೆ ಹೋಗುತ್ತೀರಿ, 66 ವರ್ಷದ ಅಮ್ಮನೂ ಜೊತೆಗಿರುತ್ತಾರೆ, "ಈಗ ಲಸಿಕೆ, ಟೆಸ್ಟ್ ಏನೂ ಬೇಡ" ಎಂದು ಏಜೆಂಟ್ ಹೇಳಿದ್ದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಕೋವಿಡ್ ಮಟ್ಟಿಗೆ ಅವರ ಮಾತು ಬಹುತೇಕ ಸರಿ. ಆದರೆ ನಿಮ್ಮ ದಾರಿಯಲ್ಲಿ ನಿಜವಾಗಿ ತೊಡಕಾಗುವುದು ಸೊಳ್ಳೆಯಿಂದ ಹರಡುವ ವೈರಸ್ ರೋಗವಾದ ಹಳದಿ ಜ್ವರದ ಲಸಿಕೆ. ಅದನ್ನು ಅವರು ಮರೆತಿದ್ದಾರೆ.

ಕೋವಿಡ್ ವಿಷಯ ಬೇಗ ಮುಗಿಸುತ್ತೇನೆ. 2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಸೋಂಕು ತಗುಲಿತ್ತು. ಆಮೇಲೆ ಬಂದ ಬಿಗಿ ನಿಯಮಗಳು ಈಗಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರ ಜುಲೈ 18ಕ್ಕೆ ತನ್ನ ಕ್ರೂಸ್ ಕೋವಿಡ್ ಕಾರ್ಯಕ್ರಮವನ್ನು ನಿಲ್ಲಿಸಿತು, ಕಂಪನಿಗಳೂ ಒಂದೊಂದಾಗಿ ಷರತ್ತು ಸಡಿಲಿಸಿದವು. ಎಲ್ಲಾದರೂ ಟೆಸ್ಟ್ ಕೇಳಿದರೆ ಆ್ಯಂಟಿಜನ್ ಸಾಕೋ ಆರ್‌ಟಿ-ಪಿಸಿಆರ್ ಬೇಕೋ ನೋಡಿ. ಇತ್ತೀಚೆಗೆ ಕೋವಿಡ್ ಬಂದು ವಾಸಿಯಾದವರಿಗೆ ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು.

ಇನ್ನು ಹಳದಿ ಜ್ವರ. ಹೆಚ್ಚಿನವರು ಎಡವುವುದು ಇಲ್ಲೇ. ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಕೇಳುವುದು ಎಷ್ಟೋ ಸಲ ರೋಗವಿರುವ ದೇಶವಲ್ಲ, ಅಲ್ಲಿಂದ ಹೊರಟ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುವ ಮುಂದಿನ ದೇಶ. ಆ ಮುಂದಿನ ದೇಶದಲ್ಲಿ ಸೊಳ್ಳೆ ಇದೆ, ವೈರಸ್ ಇಲ್ಲ. ಅದು ಬರದಿರಲಿ ಎಂಬುದೇ ಉದ್ದೇಶ. ಹಾಗಾಗಿ ಅದೇ ಬಂದರುಗಳನ್ನು ಹಿಂದುಮುಂದಾಗಿ ಸುತ್ತಿದರೆ ನಿಯಮವೇ ಬದಲಾಗುತ್ತದೆ. ಜಮೈಕಾ, ಬಹಾಮಾಸ್‌ನಂಥ ದೇಶಗಳು ಬ್ರೆಜಿಲ್ ಕಡೆಯಿಂದ ಬಂದವರಿಂದ ಇದನ್ನು ಕೇಳುತ್ತವೆ. ವಾಪಸು ಬರುವಾಗ ನಿಮ್ಮ ದೇಶವೂ, ನಡುವೆ ವಿಮಾನ ಬದಲಿಸುವ ದೇಶವೂ ಕೇಳಬಹುದು. ವೈದ್ಯರ ಬಳಿ ಹೋಗುವಾಗ ಬಂದರುಗಳ ಪಟ್ಟಿಯನ್ನು ತಾರೀಖಿನ ಕ್ರಮದಲ್ಲೇ ಒಯ್ಯಿರಿ.

ಪ್ರಮಾಣಪತ್ರ ಜಾರಿಗೆ ಬರುವುದು ಚುಚ್ಚಿಸಿಕೊಂಡ 10 ದಿನಗಳ ನಂತರ. 1ನೇ ತಾರೀಖು ಹಾಕಿಸಿಕೊಂಡರೆ 11ರಿಂದ ಲೆಕ್ಕ. ಹಳದಿ ಜ್ವರದ್ದು ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥದ್ದು; ಎಂಎಂಆರ್‌ನಂಥ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಇನ್ನೊಂದು ಜೀವಂತ ಲಸಿಕೆಯೂ ಬೇಕಿದ್ದರೆ ಎರಡನ್ನೂ ಒಂದೇ ದಿನ ಹಾಕಿಸಬೇಕು, ಇಲ್ಲವೇ 4 ವಾರ ಅಂತರ ಬಿಡಬೇಕು. ಇದು ತಿಳಿಯದೆ ಹೊರಡುವ ದಿನ ಹತ್ತಿರ ಬಂದಾಗ ಸಿಕ್ಕಿಹಾಕಿಕೊಳ್ಳುವವರಿದ್ದಾರೆ.

ಈ ಪ್ರಮಾಣಪತ್ರವಿರುವ ಹಳದಿ ಪುಸ್ತಕ ಕೈಗೆ ಬಂದ ಕೂಡಲೇ, ಕೇಂದ್ರದಲ್ಲೇ ನಿಂತು ಪರೀಕ್ಷಿಸಿ: ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಮಾನ್ಯತೆ ಪಡೆದ ಕೇಂದ್ರದ ಮೊಹರು ಇವೆಯೇ, ತಿಂಗಳನ್ನು ಅಕ್ಷರದಲ್ಲಿ ಬರೆದಿದ್ದಾರೆಯೇ. 03-04 ಎಂದು ಬರೆದರೆ ಒಬ್ಬರು ಏಪ್ರಿಲ್ ಎಂದು ಓದುತ್ತಾರೆ, ಇನ್ನೊಬ್ಬರು ಮಾರ್ಚ್ ಎನ್ನುತ್ತಾರೆ. ಫೋನಿನಲ್ಲಿರುವ ಫೋಟೊ ನಂಬಿ ಹೊರಡಬೇಡಿ, ಮೂಲ ಪುಸ್ತಕವೇ ಕೈಯಲ್ಲಿರಲಿ. ಹಳೆಯ ಪುಸ್ತಕದಲ್ಲಿ 10 ವರ್ಷದ ಅವಧಿ ಬರೆದಿದ್ದರೂ ಚಿಂತೆಯಿಲ್ಲ; 2016ರ ಜುಲೈ 11ರಿಂದ ಅದು ಜೀವನಪೂರ್ತಿ ಮಾನ್ಯ.

ಅಮ್ಮನ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. 60 ದಾಟಿದವರು ಇದನ್ನು ಮೊದಲ ಸಲ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಅಪರೂಪವಾದರೂ ಚಿಕ್ಕವರಿಗಿಂತ ಹೆಚ್ಚು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ, ಎದೆಯಲ್ಲಿರುವ ಥೈಮಸ್ ಗ್ರಂಥಿಯ ತೊಂದರೆ, ಮೊಟ್ಟೆಯ ತೀವ್ರ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಬೇಡವೆಂದು ಅವರು ತೀರ್ಮಾನಿಸಿದರೆ ವಿನಾಯಿತಿ ಪತ್ರ ಬರೆದು ಮೊಹರು ಹಾಕಿ ಕೊಡುತ್ತಾರೆ. ಆದರೆ ಅದನ್ನು ಒಪ್ಪುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು. ಆದ್ದರಿಂದ ಆ ಪತ್ರದೊಂದಿಗೆ ಹಡಗು ಹತ್ತಲು ಬಿಡುತ್ತಾರೆಯೇ ಎಂದು ಕಂಪನಿಯಿಂದ ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಫೋನಿನಲ್ಲಿ ಹೇಳಿದ ಮಾತು ಹಡಗುಕಟ್ಟೆಯಲ್ಲಿ ನಡೆಯುವುದಿಲ್ಲ. ಲಸಿಕೆಗೂ ಧೈರ್ಯವಿಲ್ಲ, ಪತ್ರಕ್ಕೂ ಒಪ್ಪಿಗೆಯಿಲ್ಲ ಎಂದಾದರೆ ಬೇರೆ ಮಾರ್ಗದ ಹಡಗನ್ನು ಆರಿಸಿ ಎಂದೇ ನನ್ನ ಸಲಹೆ.

ಯಾರೂ ಕಡ್ಡಾಯ ಮಾಡದಿದ್ದರೂ ಫ್ಲೂ ಲಸಿಕೆಯನ್ನು ಇಬ್ಬರೂ ಹಾಕಿಸಿಕೊಳ್ಳಿ, ಹೊರಡುವುದಕ್ಕೆ ಕನಿಷ್ಠ 2 ವಾರ ಮೊದಲು. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್‌ಗೆ ಲಸಿಕೆಯಿಲ್ಲ, ಸ್ಯಾನಿಟೈಸರ್‌ಗೂ ಅದು ಸರಿಯಾಗಿ ಬಗ್ಗುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯಬೇಕು.