ರೊಟೇಟರ್ ಕಫ್‌ಗೆ ತೊಂದರೆ ಆಗದ ಶೋಲ್ಡರ್ ಪ್ರೆಸ್ ಯಾವುದು? ಮೆಷಿನ್, ಡಂಬಲ್, ರಾಡ್?

ಭಾರವನ್ನು ತಲೆಯ ಮೇಲಕ್ಕೆ ತಳ್ಳುವ ಶೋಲ್ಡರ್ ಪ್ರೆಸ್‌ಗೆ ಮೆಷಿನ್ ಸೇಫ್ ಅಂತ ಟ್ರೈನರ್ ಹೇಳಿದ್ದಾರೆ, ಆದರೂ ಕೈ ಮೇಲೆತ್ತುವಾಗ ಭುಜದ ಹೊರಬದಿಯಲ್ಲಿ ಚುಚ್ಚುತ್ತದೆ, ಹಾಗಾದರೆ ಡಂಬಲ್‌ಗೆ ಬದಲಾಯಿಸಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಎಡಗೈ ತಾನಾಗಿಯೇ ಬಲಭುಜದ ಮೇಲೆ ಹೋಯಿತು. ಬದಲಾಯಿಸಬೇಡಿ. ಈಗಲೇ ಅಂತೂ ಬೇಡ. ನಾನು ಹಾಗೆ ಬದಲಾಯಿಸಿ ಬದಲಾಯಿಸಿಯೇ ಎಂಟು ತಿಂಗಳು ಕಳೆದೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಗಣಿತದ ಟೀಚರ್. 2022ರಲ್ಲಿ, ನಲವತ್ತು ತುಂಬುವ ಹೊತ್ತಿಗೆ ಜಿಮ್ ಸೇರಿದೆ. ಮನೆ ಹತ್ತಿರದ್ದು, ಬೆಳಿಗ್ಗೆ ಐದೂವರೆಗೆ ತೆಗೆಯುತ್ತಿದ್ದರು. ಟ್ರೈನರ್ ಚಿಕ್ಕ ಹುಡುಗ, ಒಳ್ಳೆಯವನು, ತಾಳ್ಮೆ ಇತ್ತು. ಶೋಲ್ಡರ್ ಪ್ರೆಸ್ ಮೆಷಿನ್‌ನಲ್ಲಿ ಕೂರಿಸಿ ಮೊದಲ ದಿನವೇ ಹೇಳಿಕೊಟ್ಟ: "ಮೇಡಂ, ಎದೆ ಎತ್ತಿ. ಭುಜ ಹಿಂದಕ್ಕೆ, ಕೆಳಕ್ಕೆ. ಅಲ್ಲೇ ಲಾಕ್. ಈಗ ತಳ್ಳಿ." ನಾನು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವವಳು. ಲಾಕ್ ಅಂದರೆ ಲಾಕ್. ಬೆನ್ನನ್ನು ರೆಕ್ಸಿನ್ ಹಲಗೆಗೆ ಒತ್ತಿ, ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಬಿಗಿ ಹಿಡಿದು, ಆರು ತಿಂಗಳಲ್ಲಿ 10 ಕೆಜಿಯಿಂದ 30 ಕೆಜಿಗೆ ಬಂದೆ. ಆ ಖುಷಿ ನಿಮಗೂ ಗೊತ್ತಿರುತ್ತದೆ.

ನೋವು ಮೊದಲು ಕಾಣಿಸಿಕೊಂಡಿದ್ದು ಜಿಮ್‌ನಲ್ಲಲ್ಲ, ಕ್ಲಾಸಿನಲ್ಲಿ. ಬೋರ್ಡಿನ ಮೇಲಿನ ಮೂಲೆಯಲ್ಲಿ ತಾರೀಖು ಬರೆಯಲು ಕೈ ಎತ್ತಿದಾಗ ಚುಳ್ ಅಂತು. ಎರಡು ದಿನಕ್ಕೆ ಮರೆತೆ. ತಿಂಗಳ ನಂತರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನೀವು ಈಗ ಯಾಕೆ ಬೋರ್ಡಿನ ಮಧ್ಯದಿಂದ ಶುರು ಮಾಡ್ತೀರ? ಹಿಂದಿನ ಬೆಂಚಿಗೆ ಕಾಣಲ್ಲ" ಅಂದಳು. ಅವಳು ಹೇಳುವ ತನಕ ನನಗೇ ಗೊತ್ತಿರಲಿಲ್ಲ.

ಆಗ ನಾನು ನಿಮ್ಮ ಹಾಗೇ ಯೋಚಿಸಿದೆ. ವ್ಯಾಯಾಮ ಸರಿಯಿಲ್ಲ, ಬೇರೆ ಮಾಡೋಣ. ಮೆಷಿನ್ ಬಿಟ್ಟು ಡಂಬಲ್ ಹಿಡಿದೆ. ಒಂದು ವಾರ ಹಾಯಾಗಿತ್ತು, ಮತ್ತೆ ಬಂತು. ಡಂಬಲ್ ಬಿಟ್ಟು ರಾಡ್ ಹಿಡಿದೆ. ಮತ್ತೊಂದು ವಾರ ಹಾಯಿ, ಮತ್ತೆ ಬಂತು. ಕೈ ತಿರುಗಿಸುತ್ತಾ ಎತ್ತುವ ಅರ್ನಾಲ್ಡ್ ಪ್ರೆಸ್ ಕೂಡ ಮಾಡಿದೆ, ಕಥೆ ಅದೇ. ಹೊಸ ವ್ಯಾಯಾಮ ಅಂದರೆ ಮೊದಲ ವಾರ ಎಲ್ಲರೂ ಭಾರ ಕಮ್ಮಿ ಇಡುತ್ತೇವೆ, ಅಲ್ವಾ? ನೋವು ಇಳಿಯುತ್ತಿದ್ದದ್ದು ಅದಕ್ಕೆ. ನಾನು ಅದನ್ನು ಆ ವ್ಯಾಯಾಮದ ಗುಣ ಅಂದುಕೊಂಡೆ. ಮೂರು ಸಲ ಅದೇ ಉತ್ತರ ಬಂದರೂ ಲೆಕ್ಕ ಎಲ್ಲಿ ತಪ್ಪಿದೆ ಅಂತ ಹಿಂದೆ ಹೋಗಿ ನೋಡಲಿಲ್ಲ. ಮಕ್ಕಳಿಗೆ ದಿನಾ ಅದನ್ನೇ ಹೇಳಿಕೊಡುವವಳು ನಾನು.

ಆಮೇಲೆ ರಾತ್ರಿ ಬಲಗಡೆ ಮಲಗುವುದು ನಿಂತಿತು. ಜಡೆ ಹೆಣೆಯಲು ಮಗಳನ್ನು ಕರೆಯುವ ಹಾಗಾಯಿತು. ಮೂಳೆ ಡಾಕ್ಟರ್ ಸ್ಕ್ಯಾನ್ ಮಾಡಿಸಿದರು. ರೊಟೇಟರ್ ಕಫ್ ಅನ್ನುವುದು ಭುಜದ ಕೀಲನ್ನು ಸುತ್ತಿ ಹಿಡಿದಿರುವ ನಾಲ್ಕು ಸ್ನಾಯುಗಳ ಗುಂಪು. ಅದರಲ್ಲಿ ಮೇಲೆ ಕೂತಿರುವ ಸುಪ್ರಾಸ್ಪೈನೇಟಸ್ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಕೆರಳಿದೆ, ಹರಿದಿಲ್ಲ, ಫಿಜಿಯೋ ಹತ್ತಿರ ಹೋಗಿ ಅಂದರು.

ಮೊದಲ ದಿನ ಫಿಜಿಯೋ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನ್ನ ಉತ್ತರ ಪೂರ್ತಿ ಅದರಲ್ಲೇ ಇದೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಕೈ ಇಳಿಬಿಟ್ಟಾಗ ಎರಡೂ ರೆಕ್ಕೆ ಮೂಳೆಗಳ ಕೆಳತುದಿ ಎಲ್ಲಿರುತ್ತದೋ ಅಲ್ಲಿ ಸ್ಕೆಚ್ ಪೆನ್ನಿನಿಂದ ಒಂದೊಂದು ಚುಕ್ಕಿ ಇಟ್ಟರು. "ಜಿಮ್‌ನಲ್ಲಿ ಹೇಗೆ ಎತ್ತುತ್ತೀರೋ ಹಾಗೇ ಎತ್ತಿ" ಅಂದರು. ಭುಜ ಹಿಂದಕ್ಕೆ, ಕೆಳಕ್ಕೆ, ಲಾಕ್ ಮಾಡಿ ಎತ್ತಿದೆ. ಚುಳ್ ಅಂತು. ಕೆಳತುದಿ ಈಗ ಎಲ್ಲಿದೆ ಅಂತ ಹೆಬ್ಬೆರಳಲ್ಲಿ ಹುಡುಕಿ ಎರಡನೇ ಚುಕ್ಕಿ. "ಈಗ ಲಾಕ್ ಗೀಕ್ ಏನೂ ಬೇಡ. ಅಟ್ಟದ ಮೇಲೆ ಉಪ್ಪಿನಕಾಯಿ ಡಬ್ಬಿ ಇದೆ, ತೆಗೀರಿ." ಎತ್ತಿದೆ. ಮೂರನೇ ಚುಕ್ಕಿ. ಫೋನಲ್ಲಿ ಫೋಟೋ ತೆಗೆದು ತೋರಿಸಿದರು. ಒಂದನೇ ಚುಕ್ಕಿಗೂ ಎರಡನೆಯದಕ್ಕೂ ಒಂದು ಬೆರಳಿನ ಅಂತರ. ಮೂರನೆಯದು ಕಂಕುಳದ ಕಡೆಗೆ ನಾಲ್ಕು ಬೆರಳು ದೂರ ಹೋಗಿತ್ತು. ಅದೇ ಕೈ, ಅದೇ ನಿಮಿಷ. ನೋವು ಪೂರ್ತಿ ಹೋಗಲಿಲ್ಲ, ಆದರೆ ಅರ್ಧ ಇಳಿದಿತ್ತು.

ಕೈಯನ್ನು ಕೆಳಗಿನಿಂದ ನೆತ್ತಿಯ ಮೇಲಕ್ಕೆ ಎತ್ತುವುದು ಹೆಚ್ಚುಕಮ್ಮಿ 180 ಡಿಗ್ರಿ. ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ಭುಜದ ಕೀಲಿನದ್ದು. ಉಳಿದ 60 ಡಿಗ್ರಿ ರೆಕ್ಕೆ ಮೂಳೆ ತಿರುಗಿ ಕೊಡಬೇಕು. ನಾನು ಆ 60ಕ್ಕೆ ಬೀಗ ಹಾಕಿ, 180 ತಲುಪುವ ಹಟ ಹಿಡಿದಿದ್ದೆ, ಅದೂ 30 ಕೆಜಿ ಇಟ್ಟುಕೊಂಡು. ಆ ಕೊರತೆಯನ್ನು ಯಾರಾದರೂ ತುಂಬಲೇಬೇಕಲ್ಲ. ಸ್ವಲ್ಪ ಸೊಂಟ ಹಿಂದಕ್ಕೆ ಬಾಗಿ ತುಂಬಿತು. ಉಳಿದದ್ದು ಆ ಪುಟ್ಟ ರಜ್ಜುವಿನ ಮೇಲೆ ಬಿತ್ತು.

ಸ್ಕೂಲಿನ ಕ್ರೀಡಾ ದಿನದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಆಟ ಇರುತ್ತದಲ್ಲ, ಭುಜದ ಕೀಲು ಹಾಗೇ ಇದೆ. ತೋಳಿನ ಮೂಳೆಯ ತಲೆ ನಿಂಬೆಹಣ್ಣು. ರೆಕ್ಕೆ ಮೂಳೆಯ ಅಂಚಿನಲ್ಲಿರುವ ಗುಳಿ ಚಮಚ. ಗುಳಿ ತೀರಾ ಆಳವಿಲ್ಲ. ಗೆಲ್ಲುವ ಮಗು ನಿಂಬೆಹಣ್ಣು ಎತ್ತ ವಾಲುತ್ತದೋ ಅತ್ತ ಚಮಚವನ್ನು ಮೆಲ್ಲಗೆ ತಿರುಗಿಸುತ್ತಾ ಓಡುತ್ತದೆ. ಚಮಚ ಅಲ್ಲಾಡಬಾರದು ಅಂತ ಬಿಗಿ ಹಿಡಿದ ಮಗುವಿನದ್ದು ಮೂರನೇ ಹೆಜ್ಜೆಗೇ ಬೀಳುತ್ತದೆ. ರೊಟೇಟರ್ ಕಫ್ ಅಂದರೆ ನಿಂಬೆಹಣ್ಣನ್ನು ಚಮಚಕ್ಕೆ ಒತ್ತಿ ಹಿಡಿದಿರುವ ಬೆರಳುಗಳು. ನಿಂಬೆಹಣ್ಣಿನ ಹಿಂದೆ ಚಮಚ ಬರದಿದ್ದರೆ ಪಾಪ ಅವು ಎಷ್ಟು ಅಂತ ಹಿಡಿಯುತ್ತವೆ?

ಆ ಟ್ರೈನರ್ ಹುಡುಗ ಹೇಳಿದ್ದು ಸುಳ್ಳಲ್ಲ. ಬೆಂಚ್ ಪ್ರೆಸ್‌ನಲ್ಲಿ ಮಲಗಿ ಎದೆಯ ಮೇಲಿಂದ ತಳ್ಳುವಾಗ ಭುಜ ಹಿಂದಕ್ಕೆ, ಕೆಳಕ್ಕೆ ಅನ್ನುವುದು ಸರಿಯಾದ ಮಾತೇ. ಅದೇ ಮಾತು ತಲೆಯ ಮೇಲೆ ತಳ್ಳುವ ವ್ಯಾಯಾಮಕ್ಕೂ ಬಂದು ಸೇರಿಕೊಂಡಿದೆ. ಇಲ್ಲಿ ರೆಕ್ಕೆ ಮೂಳೆ ಓಡಾಡಬೇಕು. ನಾನು ಮೆಷಿನ್ ಬಿಟ್ಟೆ, ಡಂಬಲ್ ಬಿಟ್ಟೆ, ರಾಡ್ ಬಿಟ್ಟೆ. ಲಾಕ್ ಮಾತ್ರ ಬಿಡಲಿಲ್ಲ. ಹೋದಲ್ಲೆಲ್ಲಾ ಅದನ್ನು ಜೊತೆಗೇ ಹೊತ್ತುಕೊಂಡು ಹೋದೆ. ನೋವು ಬಂದಷ್ಟೂ ಭುಜವನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಹಿಡಿದೆ. ಎರಡೂ ಕೈಯಲ್ಲಿ ಹಾಗೇ ಎತ್ತುತ್ತಿದ್ದರೂ ಬಲಗಡೆ ಮಾತ್ರ ನೋವು ಯಾಕೆ ಅಂತ ಫಿಜಿಯೋ ಹತ್ತಿರ ಕೇಳಿದೆ. "ದಿನಕ್ಕೆ ಐದಾರು ಪೀರಿಯಡ್ ಬೋರ್ಡ್ ಮೇಲೆ ಇರೋದು ಯಾವ ಕೈ?" ಅಂದರು.

ಹಾಗಾಗಿ "ಯಾವ ಪ್ರೆಸ್ ಸೇಫ್" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೆಷಿನ್‌ನ ದಾರಿ ಕಬ್ಬಿಣದ್ದು, ನಿಮ್ಮ ಭುಜಕ್ಕೆ ತಕ್ಕ ಹಾಗೆ ಬಗ್ಗುವುದಿಲ್ಲ. ಬೆನ್ನ ಹಿಂದಿನ ಹಲಗೆ ರೆಕ್ಕೆ ಮೂಳೆಗೆ ಅಡ್ಡ ಕೂರುತ್ತದೆ. ಇಷ್ಟಾದರೂ ಎಷ್ಟೋ ಜನ ಅದರಲ್ಲೇ ಚೆನ್ನಾಗಿ ಮಾಡುತ್ತಾರೆ. ಒಂದನ್ನು ಮಾತ್ರ ನಾನು ಖಂಡಿತ ಬೇಡ ಅನ್ನುತ್ತೇನೆ: ರಾಡನ್ನು ಕತ್ತಿನ ಹಿಂದೆ ಇಳಿಸಿ ಎತ್ತುವುದು. ಭುಜ ತುಂಬಾ ಸಡಿಲ ಇದ್ದವರಿಗೆ ಅದು ನಡೆಯಬಹುದು. ನಮ್ಮ ಹಾಗೆ ದಿನವಿಡೀ ಪೇಪರ್ ತಿದ್ದಿ, ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತವರಿಗಲ್ಲ. ಮೂಳೆ ಉಜ್ಜಿ ರಜ್ಜು ಹರಿದುಹೋಗುತ್ತದೆ ಅಂತ ಹೆದರಿಸುವವರ ಮಾತನ್ನೂ ಪೂರ್ತಿ ನಂಬಬೇಡಿ. ರಜ್ಜು ಹಾದುಹೋಗುವ ಸಂದು ಸುಮಾರು ಒಂದು ಸೆಂಟಿಮೀಟರ್ ಅಷ್ಟೇ, ನಿಜ. ಆದರೆ ಕೈ ಎತ್ತಿದಾಗ ಅದು ಎಲ್ಲರಿಗೂ ಕಿರಿದಾಗುತ್ತದೆ, ನೋವೇ ಇಲ್ಲದವರಿಗೂ. ಕೈ ಎತ್ತುವುದಕ್ಕೇ ಹೆದರಿ ಕೂತರೆ ಭುಜ ಇನ್ನಷ್ಟು ಸೋಲುತ್ತದೆ.

ನಾನು ವಾಪಸ್ ಬಂದ ದಾರಿ ಹೀಗಿತ್ತು. ಮೊದಲ ಮೂರು ವಾರ ಪ್ರೆಸ್ ಇಲ್ಲ. ಗೋಡೆಗೆ ಮುಂಗೈ ಒರಗಿಸಿ, ನಡುವೆ ಹಳೇ ಟವೆಲ್ ಇಟ್ಟು, ಮೇಲಕ್ಕೆ ಜಾರಿಸುವುದು. ಮೊಣಕೈ ಮತ್ತು ಪಕ್ಕೆ ನಡುವೆ ಸುತ್ತಿದ ಟವೆಲ್ ಸಿಕ್ಕಿಸಿಕೊಂಡು ರಬ್ಬರ್ ಬ್ಯಾಂಡನ್ನು ಹೊರಗಡೆ ಎಳೆಯುವುದು. ಬೇಜಾರಿನ ಕೆಲಸ, ದಿನ ಬಿಟ್ಟು ದಿನ ಮಾಡಿದೆ. ನಾಲ್ಕನೇ ವಾರ ಲ್ಯಾಂಡ್‌ಮೈನ್ ಪ್ರೆಸ್. ರಾಡಿನ ಒಂದು ತುದಿಯನ್ನು ಗೋಡೆಯ ಮೂಲೆಗೆ ಟವೆಲ್ ಹಾಕಿ ಊರಿ, ಇನ್ನೊಂದು ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಮುಂದಕ್ಕೂ ಮೇಲಕ್ಕೂ ಓರೆಯಾಗಿ ತಳ್ಳುವುದು. ಒಂದು ಮೊಣಕಾಲು ನೆಲಕ್ಕೆ ಊರಿ ಮಾಡಿದರೆ ಸೊಂಟ ಹಿಂದಕ್ಕೆ ಬಾಗುವುದಿಲ್ಲ. ರಾಡಿನ ಭಾರದಲ್ಲಿ ಸುಮಾರು ಅರ್ಧ ನೆಲಕ್ಕೆ ಹೋಗುತ್ತದೆ, ಅರ್ಧ ಕೈಗೆ ಬರುತ್ತದೆ. ಆದ್ದರಿಂದ 20 ಕೆಜಿಯ ಉದ್ದ ರಾಡ್ ನನಗೆ ಜಾಸ್ತಿಯಾಯಿತು. ಜಿಮ್‌ನ ಮೂಲೆಯಲ್ಲಿದ್ದ ಚಿಕ್ಕ ರಾಡ್‌ನಲ್ಲಿ ಶುರು ಮಾಡಿದೆ. ಕೊನೆಯಲ್ಲಿ ಕೈಯನ್ನು ಇನ್ನೊಂದು ಇಂಚು ಮುಂದೆ ಚಾಚಬೇಕು, ಆಗ ರೆಕ್ಕೆ ಮೂಳೆ ಪಕ್ಕೆಯ ಸುತ್ತ ಜಾರುವುದು ಗೊತ್ತಾಗುತ್ತದೆ. ನಿಮ್ಮ ಈಗಿನ ಸ್ಥಿತಿಗೆ ಒಂದೇ ವ್ಯಾಯಾಮ ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ಆಮೇಲೆ ಡಂಬಲ್. ನಿಂತುಕೊಂಡು, ಹಿಂದೆ ಹಲಗೆ ಇಲ್ಲದೆ, ಅಂಗೈಗಳು ಒಂದಕ್ಕೊಂದು ಎದುರು. ಮೊಣಕೈ ನೇರ ಪಕ್ಕಕ್ಕೂ ಅಲ್ಲ, ನೇರ ಮುಂದಕ್ಕೂ ಅಲ್ಲ, ಪಕ್ಕದಿಂದ ಸುಮಾರು 30 ಡಿಗ್ರಿ ಮುಂದೆ. ರೆಕ್ಕೆ ಮೂಳೆ ನಮ್ಮ ದುಂಡಗಿನ ಪಕ್ಕೆಯ ಮೇಲೆ ಅದೇ ಓರೆಯಲ್ಲಿ ಕೂತಿದೆ, ಆ ದಾರಿಯಲ್ಲಿ ಭುಜಕ್ಕೆ ಹಿತ. ಮೇಲೆ ಹೋದಾಗ ಭುಜ ಕಿವಿಯ ಕಡೆ ಸ್ವಲ್ಪ ಏರಲಿ, ಬಿಡಿ. ಉಪ್ಪಿನಕಾಯಿ ಡಬ್ಬಿ ನೆನಪಿಸಿಕೊಳ್ಳಿ.

2 ಕೆಜಿಯಿಂದ ಶುರು ಮಾಡಿದೆ. ಪಕ್ಕದಲ್ಲಿ ಕಾಲೇಜು ಹುಡುಗಿಯರು 10 ಕೆಜಿ ಎತ್ತುತ್ತಿದ್ದರು, ಮನಸ್ಸಿಗೆ ಕಷ್ಟವಾಯಿತು. ಫಿಜಿಯೋ ಕೊಟ್ಟ ಲೆಕ್ಕ ಒಂದೇ: ಮಾಡುವಾಗ ಸಣ್ಣ ನೋವಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಸರಿ. ರಾತ್ರಿ ನಿದ್ದೆ ಕೆಟ್ಟರೆ ಭಾರ ಇಳಿಸು, ವ್ಯಾಯಾಮ ಬದಲಾಯಿಸಬೇಡ. ನಾಲ್ಕು ತಿಂಗಳಿಗೆ ಬೋರ್ಡಿನ ಮೇಲಿನ ಮೂಲೆಯಲ್ಲಿ ಮತ್ತೆ ತಾರೀಖು ಬರೆದೆ. ಈಗ ಕೈಗೆ 7.5 ಕೆಜಿಯಂತೆ ಎಂಟು ಸಲ ಎತ್ತುತ್ತೇನೆ. ಇಷ್ಟು ಕಷ್ಟ ಯಾಕೆ, ತಲೆ ಮೇಲೆ ಎತ್ತುವುದನ್ನೇ ಬಿಟ್ಟುಬಿಡಿ ಅನ್ನುವವರಿದ್ದಾರೆ. ಬೋರ್ಡು, ಅಟ್ಟ, ಬಸ್ಸಿನ ಕಂಬಿ ಎಲ್ಲಾ ಇರುವುದು ತಲೆಯ ಮೇಲೇ. ನಾನು ಬಿಡುವುದಿಲ್ಲ.

ಕೆಲವರ ಕಥೆ ಬೇರೆ ಇರುತ್ತದೆ, ಅವರು ನನ್ನ ಮಾತು ಕೇಳಿ ಕಾಯಬಾರದು. ಬಿದ್ದ ಮೇಲೆ ಕೈ ಎತ್ತಲೇ ಆಗದಿದ್ದರೆ, ಬೆರಳ ತನಕ ಜೋಮು ಹಿಡಿದರೆ, ಅಥವಾ ಬೇರೆಯವರು ಹಿಡಿದು ಎತ್ತಿದರೂ ಕೈ ಮೇಲೇರದಿದ್ದರೆ ಮೊದಲು ಡಾಕ್ಟರ್. ಆ ಕೊನೆಯದು ಫ್ರೋಜನ್ ಶೋಲ್ಡರ್ ಇರಬಹುದು, ಶುಗರ್ ಇರುವವರಲ್ಲಿ ಅದು ಜಾಸ್ತಿ.

ನೀವು ನಾಳೆ ಒಂದು ಕೆಲಸ ಮಾಡಿ. ಖಾಲಿ ಕೈಯಲ್ಲಿ ನಿಂತು, ಮನೆಯವರಿಗೆ ಯಾರಿಗಾದರೂ ಹಿಂದಿನಿಂದ ವಿಡಿಯೋ ತೆಗೆಯಲು ಹೇಳಿ. ಒಂದು ಸಲ ಜಿಮ್‌ನಲ್ಲಿ ಎತ್ತುವ ಹಾಗೆ ಎತ್ತಿ, ಒಂದು ಸಲ ಡಬ್ಬಿ ತೆಗೆಯುವ ಹಾಗೆ ಎತ್ತಿ. ರೆಕ್ಕೆ ಮೂಳೆ ಎಷ್ಟು ಓಡಾಡಿತು, ಚುಚ್ಚುವುದರಲ್ಲಿ ವ್ಯತ್ಯಾಸ ಇತ್ತಾ, ಮೆಷಿನ್‌ನಲ್ಲಿ ಈಗ ಎಷ್ಟು ಕೆಜಿ ಇಡುತ್ತಿದ್ದೀರಿ, ಮೂರನ್ನೂ ಇಲ್ಲೇ ಕೆಳಗೆ ಬರೆಯಿರಿ. ಸ್ಕೂಲ್ ಮುಗಿಸಿ ಬಂದು ಖಂಡಿತ ಉತ್ತರಿಸುತ್ತೇನೆ.