ಬಾಲ ತಾಗಿದ ವಿಮಾನವನ್ನು ಅವತ್ತೇ ಯಾಕೆ ಹಾರಿಸುವುದಿಲ್ಲ?

ಇಳಿಯುವಾಗ ಬಾಲ ರನ್‌ವೇಗೆ ಉಜ್ಜಿತು, ಒಳಗಿದ್ದವರಿಗೆ ಏನೂ ಆಗಲಿಲ್ಲ, ಹೊರಗೆ ಬರೀ ಗೀರು, ಅಷ್ಟಕ್ಕೇ ಅದೇ ವಿಮಾನದಲ್ಲಿ ಹೊರಡಬೇಕಿದ್ದ ನಮ್ಮ ಫ್ಲೈಟ್ ರದ್ದು ಮಾಡಿದ್ದು ಸರಿಯಾ ಅಂತ ಕೇಳಿದ್ದೀರಿ. ಖಂಡಿತ ಸರಿ. ನಾನು ವಿಮಾನ ಮೆಂಟೆನೆನ್ಸ್ ಕೆಲಸದಲ್ಲಿದ್ದವನು, ಅದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ಮೊದಲು ಬಾಲ ಯಾಕೆ ತಾಗುತ್ತದೆ ನೋಡಿ. ಹಿಂದಿನ ಚಕ್ರ ಮೊದಲು ನೆಲ ಮುಟ್ಟಲಿ ಅಂತ ಪೈಲಟ್ ಕೊನೆಯಲ್ಲಿ ಮೂತಿಯನ್ನು ಸ್ವಲ್ಪ ಎತ್ತುತ್ತಾರೆ. ಮೆತ್ತಗೆ ಇಳಿಸೋಣ ಅಂತ ಹಾಗೇ ಹಿಡಿದುಕೊಂಡಿದ್ದರೆ ವೇಗ ಇಳಿಯುತ್ತದೆ, ವೇಗ ಇಳಿದಷ್ಟೂ ಮೂತಿ ಇನ್ನೂ ಎತ್ತಬೇಕಾಗುತ್ತದೆ, ಮೂತಿ ಎದ್ದಷ್ಟೂ ಬಾಲ ಕೆಳಗೆ. ಚಕ್ರ ಬಡಿದು ವಿಮಾನ ಪುಟಿದಾಗ ಮತ್ತೆ ಮೂತಿ ಎತ್ತಿದರೂ ಇದೇ ಕತೆ. ಉದ್ದದ ವಿಮಾನಗಳಿಗೆ ಈ ಕಾಟ ಜಾಸ್ತಿ. ಏರ್‌ಬಸ್ ಎ320ಗಿಂತ ಎ321 ಸುಮಾರು 7 ಮೀಟರ್ ಉದ್ದ. ಚಕ್ರದ ಮೇಲೆ ಭಾರ ಬಿದ್ದಿರುವಾಗ ಎ320ರ ಮೂತಿ ಸುಮಾರು 11.7 ಡಿಗ್ರಿ ಎದ್ದರೆ ಬಾಲ ತಾಗುತ್ತದೆ, ಎ321ಕ್ಕೆ 9.7 ಸಾಕು. 2023ರ ಜೂನ್‌ನಲ್ಲಿ ಬೆಂಗಳೂರಿನಿಂದ ಹೋದ ಇಂಡಿಗೊ ವಿಮಾನದ ಬಾಲ ಅಹಮದಾಬಾದ್‌ನಲ್ಲಿ ಇಳಿಯುವಾಗ ತಾಗಿತ್ತು. ಆ ವರ್ಷ ಆರು ತಿಂಗಳೊಳಗೆ ಅವರ ಎ321 ವಿಮಾನಗಳಲ್ಲಿ ನಾಲ್ಕು ಸಲ ಹೀಗಾದ ಮೇಲೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ಹಾಕಿತು.

ತಾಗಿದ ಆ ಕ್ಷಣದಲ್ಲಿ ಜೀವ ಹೋಗುವುದು ತೀರಾ ಅಪರೂಪ. ಭಯ ಇರೋದು ಆಮೇಲೆ. ಪ್ರತಿ ಹಾರಾಟದಲ್ಲೂ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಒಂದು ಸಲ ಹಿಗ್ಗುತ್ತದೆ, ಕೆಳಗಿಳಿದ ಮೇಲೆ ಕುಗ್ಗುತ್ತದೆ. ಗೀರು ಇದ್ದ ಕಡೆ ಬಿರುಕು ಹುಟ್ಟಿ ದಿನಾ ಕೂದಲೆಳೆಯಷ್ಟು ಬೆಳೆಯುತ್ತದೆ.

1978ರಲ್ಲಿ ಜಪಾನ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 ಒಸಾಕಾದಲ್ಲಿ ಇಳಿಯುವಾಗ ಬಾಲ ಬಡಿಯಿತು. ಕ್ಯಾಬಿನ್‌ನ ಹಿಂದಿನ ಗೋಡೆ ಇದೆಯಲ್ಲ, ಪ್ರೆಶರ್ ಬಲ್ಕ್‌ಹೆಡ್ ಅಂತಾರೆ, ಅದನ್ನು ಬೋಯಿಂಗ್‌ನವರೇ ರಿಪೇರಿ ಮಾಡಿದರು. ಜೋಡಣೆಗೆ ಒಂದೇ ಅಖಂಡ ತಗಡು ಹಾಕಬೇಕಿತ್ತು. ಎರಡು ತುಂಡು ಮಾಡಿ ಹಾಕಿದರು, ಎರಡು ಸಾಲು ರಿವೆಟ್ (ತಗಡು ಜೋಡಿಸುವ ಮೊಳೆ) ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಆ ವಿಮಾನ ಹಾಗೇ 12 ಸಾವಿರಕ್ಕೂ ಹೆಚ್ಚು ಸಲ ಹಾರಿತು, ಏಳು ವರ್ಷ. 1985ರ ಆಗಸ್ಟ್ 12ರಂದು ಆಕಾಶದಲ್ಲಿ ಆ ಗೋಡೆ ಒಡೆಯಿತು. ನುಗ್ಗಿದ ಗಾಳಿಗೆ ಬಾಲದ ರೆಕ್ಕೆಯೇ ಕಿತ್ತುಹೋಯಿತು, ವಿಮಾನವನ್ನು ಹಿಡಿತದಲ್ಲಿಡುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯಿತು. 520 ಜನ ಸತ್ತರು, ಉಳಿದವರು ನಾಲ್ಕೇ ಜನ. ಎಷ್ಟು ವರ್ಷವಾದರೂ ಆ ರಿವೆಟ್ ಸಾಲು ನನ್ನ ತಲೆಯಿಂದ ಹೋಗಿಲ್ಲ.

ಚೀನಾ ಏರ್‌ಲೈನ್ಸ್‌ದು ಇನ್ನೂ ನಿಧಾನದ ಸಾವು. 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಾಲ ಉಜ್ಜಿತು, ಗೀರು ಬಿದ್ದ ತಗಡನ್ನು ಕತ್ತರಿಸಿ ತೆಗೆಯದೆ ಅದರ ಮೇಲೇ ತೇಪೆ ಹಾಕಿದರು. ತೇಪೆಯ ಅಡಿಯ ಬಿರುಕು ಯಾರ ಕಣ್ಣಿಗೂ ಬೀಳಲಿಲ್ಲ. 22 ವರ್ಷ ಆದ ಮೇಲೆ, 2002ರ ಮೇ 25ರಂದು, ತೈವಾನ್ ಹತ್ತಿರ ಸಮುದ್ರದ ಮೇಲೆ ವಿಮಾನ ಗಾಳಿಯಲ್ಲೇ ಚೂರಾಯಿತು. 225 ಜನ.

ನೀವು ನೋಡಿದ ಗೀರಿನ ಆಳ ಅಳೆಯಬೇಕು, ಒಳಗಿನ ಪ್ಯಾನೆಲ್ ಬಿಚ್ಚಿ ಚೌಕಟ್ಟು ಬಗ್ಗಿದೆಯಾ ನೋಡಬೇಕು, ಬಲ್ಕ್‌ಹೆಡ್ ಪರೀಕ್ಷಿಸಬೇಕು. ಗೇಟ್ ಹತ್ತಿರ ನಿಂತು ಗಂಟೆಯೊಳಗೆ ಮುಗಿಸುವ ಕೆಲಸ ಅಲ್ಲ ಅದು. ಬೇರೆ ಫ್ಲೈಟ್ ಕೇಳಿ, ಇಲ್ಲ ದುಡ್ಡು ವಾಪಸ್ ಕೇಳಿ, ಗಟ್ಟಿಯಾಗೇ ಕೇಳಿ. ಆ ವಿಮಾನದಲ್ಲೇ ಕಳಿಸಿ ಅಂತ ಮಾತ್ರ ದಯವಿಟ್ಟು ಜಗಳ ಮಾಡಬೇಡಿ.