ಶೇ 99 ಬಂದರೆ ಸಾಕಾ?

ಪ್ರಶ್ನೆ: 633 ನ್ಯಾನೋಮೀಟರ್ ಲೇಸರ್‌ಗಾಗಿ ಟೈಟಾನಿಯಾ, ಸಿಲಿಕಾ ಪದರಗಳ ಕನ್ನಡಿ ಮಾಡಿಸಿದೆ. ಸಿಲಿಕಾ ದಪ್ಪ 108 ನ್ಯಾನೋಮೀಟರ್. 45 ಡಿಗ್ರಿಯಲ್ಲಿಟ್ಟರೆ ಶೇ 99 ಬೆಳಕು ವಾಪಸ್ ಬರುತ್ತದೆ. ಆದರೆ ಕಂಪನದ ದಿಕ್ಕನ್ನು ಓರೆ ಮಾಡಿ ಬಿಟ್ಟ ಲೀನಿಯರ್ (ಒಂದೇ ಗೆರೆಯಲ್ಲಿ ಕಂಪಿಸುವ) ಬೆಳಕು ವಾಪಸ್ ಬರುವಾಗ ಎಲಿಪ್ಟಿಕಲ್ (ಕಂಪನ ಅಂಡಾಕಾರದಲ್ಲಿ ಸುತ್ತುವಂಥದ್ದು) ಆಗಿರುತ್ತದೆ. ಕೋಟಿಂಗ್ ಮಾಡಿದವರ ತಪ್ಪಾ?
– ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಇದೇ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅವರನ್ನು ಬೈಯುವ ಮೊದಲು ನಿಮ್ಮ ಲೆಕ್ಕ ನೋಡಿ. 108 ಅನ್ನುವುದು ಬೆಳಕು ನೆಟ್ಟಗೆ ಬಿದ್ದಾಗಿನ ಕಾಲು ಅಲೆ, ಅಂದರೆ ಸಿಲಿಕಾ ಒಳಗಿನ ಅಲೆಯುದ್ದದ ನಾಲ್ಕನೇ ಒಂದು ಭಾಗ. 45 ಡಿಗ್ರಿಯಲ್ಲಿ ಬಿದ್ದ ಬೆಳಕು ಸಿಲಿಕಾ ಒಳಗೆ ಸುಮಾರು 29 ಡಿಗ್ರಿಯಲ್ಲಿ ಸಾಗುತ್ತದೆ. ಅದರ ಕೊಸೈನ್‌ನಿಂದ ಭಾಗಿಸಿ. ದಪ್ಪ 124 ಬೇಕು. ಟೈಟಾನಿಯಾಕ್ಕೆ 67 ಇದ್ದದ್ದು 71 ಆಗುತ್ತದೆ.

ಹಾಗಾದರೆ ಶೇ 99 ಹೇಗೆ ಬಂತು? ಬಂದೇ ಬರುತ್ತದೆ. ಅದನ್ನು ನೋಡಿಯೇ ಎಲ್ಲರೂ ಮೋಸ ಹೋಗುವುದು. ಓರೆಯಾಗಿ ಕಂಪಿಸುವ ಬೆಳಕಿನಲ್ಲಿ ಎರಡು ಭಾಗಗಳಿರುತ್ತವೆ: ಕನ್ನಡಿಯ ಮೈಗೆ ಸಮಾನಾಂತರವಾಗಿ ಕಂಪಿಸುವುದು ಎಸ್, ಅದಕ್ಕೆ ಅಡ್ಡವಾಗಿ ಕಂಪಿಸುವುದು ಪಿ. 45 ಡಿಗ್ರಿಯಲ್ಲಿ ಎಸ್ ಬೆಳಕಿಗೆ ಕನ್ನಡಿ ಕೆಲಸ ಮಾಡುವ ಅಲೆಯುದ್ದಗಳ ಪಟ್ಟಿ ಅಗಲ, ಪಿಗೆ ಕಿರಿದು. ಪಟ್ಟಿಯ ನಟ್ಟನಡುವೆ ಎರಡರ ಫೇಸೂ (ಅಲೆಯ ಏರಿಳಿತದ ಹಂತ) ಹೊಂದಿಕೊಂಡಿರುತ್ತದೆ. ನಿಮ್ಮ ಪಟ್ಟಿ ನೀಲಿಯ ಕಡೆ ಸರಿದಿದೆ, ಲೇಸರ್ ಅದರ ಅಂಚಿಗೆ ಬಿದ್ದಿದೆ. ಎರಡೂ ಪೂರ್ತಿ ವಾಪಸ್ ಬರುತ್ತವೆ, ಆದರೆ ಒಂದರ ಫೇಸ್ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಹಾಗಾಗಿ ಪ್ರತಿಫಲನದ ಗ್ರಾಫ್ ಒಂದನ್ನೇ ನೋಡಬೇಡಿ, ಎಸ್-ಪಿ ಫೇಸ್ ವ್ಯತ್ಯಾಸದ ಗ್ರಾಫ್ ಹಾಕಿ. ಪ್ರತಿ ಪದರದ ದಪ್ಪವನ್ನು ಶೇ 2ರಷ್ಟು ಹೆಚ್ಚು ಕಡಿಮೆ ಮಾಡಿ ಮತ್ತೆ ಹಾಕಿ. ನಾನಂತೂ ಅದಿಲ್ಲದೆ ಯಾವ ಡಿಸೈನಿಗೂ ಒಪ್ಪಿಗೆ ಕೊಡುವುದಿಲ್ಲ. ಸರ್ಕ್ಯುಲರ್ (ಕಂಪನ ವೃತ್ತದಲ್ಲಿ ಸುತ್ತುವ) ಬೆಳಕು ಬೇಕಿದ್ದರೆ ಬೇರೆ ಮಾತು. ಆಗ ಈ ವ್ಯತ್ಯಾಸವನ್ನೇ 90 ಡಿಗ್ರಿಗೆ ತಂದು ನಿಲ್ಲಿಸುವ ಹಾಗೆ ಪದರಗಳನ್ನು ಹೊಂದಿಸಬೇಕು.

ಇನ್ನು ನಮ್ಮ ಮಳೆಗಾಲ. ಬರೀ ಆವಿ ಮಾಡಿ ಕೂರಿಸಿದ ಪದರದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಒಮ್ಮೆ ಜುಲೈನಲ್ಲಿ ಕೋಟಿಂಗ್ ಮಾಡುವ ಚೇಂಬರ್‌ನಿಂದ ತೆಗೆದ ಮಾದರಿಯನ್ನು ಮೇಜಿನ ಮೇಲಿಟ್ಟು ಚಾ ಕುಡಿದು ಬಂದೆ. ಅಷ್ಟರಲ್ಲಿ ಗ್ರಾಫ್ ಕೆಂಪಿನ ಕಡೆ ಜಾರಿತ್ತು. ತೂತುಗಳಲ್ಲಿದ್ದ ಗಾಳಿಯ ಜಾಗಕ್ಕೆ ನೀರು ಸೇರಿತ್ತು. ಒಣ ನೈಟ್ರೋಜನ್‌ನಲ್ಲಿಟ್ಟಾಗ ವಾಪಸ್ ಸರಿಯಿತು. ಮಂಗಳೂರಿನಲ್ಲಿ ಬಳಸುವ ಕನ್ನಡಿಗೆ ಪದರವನ್ನು ಒತ್ತಾಗಿ ಕೂರಿಸುವ ಅಯಾನ್ ನೆರವಿನ ಅಥವಾ ಸ್ಪಟರಿಂಗ್ ಕೋಟಿಂಗನ್ನೇ ಕೇಳಿ. ಖರ್ಚು ಜಾಸ್ತಿ, ಆದರೂ ಇದರಲ್ಲಿ ಚೌಕಾಸಿ ಬೇಡ.

ಪ್ರಶ್ನೆ: ಅಂಗಡಿಯವರು ಪೋಲರೈಸ್ಡ್ ಕನ್ನಡಕ ಹಿಡಿದು ತಿರುಗಿಸಿ, ಮೊಬೈಲ್ ಪರದೆ ಕಪ್ಪಾಗುವುದನ್ನು ತೋರಿಸಿ, ‘ನೋಡಿ, ಯುವಿ ತಡೆಯುತ್ತದೆ’ ಅಂದರು. ನಿಜವೇ?
– ಮಲ್ಪೆಯ ಓದುಗರು

ಉತ್ತರ: ಶುದ್ಧ ಸುಳ್ಳು. ಪರದೆ ಕಪ್ಪಾದರೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುವ ಪದರ) ಇದೆ ಅಂತ ಅರ್ಥ, ಅಷ್ಟೇ. ಯುವಿ ತಡೆಯುತ್ತದೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಕಣ್ಣಿನ ವಿಷಯದಲ್ಲಿ ಹೀಗೆ ಹೇಳಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯುವಿ ಮೀಟರ್ ಇರುವ ಅಂಗಡಿಯಲ್ಲಿ ಅಳೆಸಿ.

ಪ್ರಶ್ನೆ: ಲ್ಯಾಬ್ ಕನ್ನಡಿಯನ್ನು ಅಂಗಿಯಲ್ಲಿ ಒರೆಸಬಹುದಾ?
– ಮಣಿಪಾಲದಿಂದ

ಉತ್ತರ: ಬೇಡ.